ನಿಂತ ಟೈರಿಗೂ ವಯಸ್ಸಾಗುತ್ತದೆ, ಸ್ವಾಮಿ!

ಗ್ರಿಪ್ ಇದ್ದರೆ ಸಾಲದು, ಇಟ್ಟ ಜಾಗವೂ ಸರಿಯಿರಬೇಕು • ಶೀಟಿನ ಮೇಲಿನ ಹಳೇ ಟೈರು ಸೊಳ್ಳೆಗೆ ತವರುಮನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರಿಗೆ ಹೋದರೂ ಒಂದು ನೋಟ ತಪ್ಪುವುದಿಲ್ಲ. ಹಟ್ಟಿ ಮುಂದೆ ತಿಂಗಳುಗಟ್ಟಲೆ ಅಲ್ಲಾಡದೆ ನಿಂತ ಟ್ರೈಲರು. ಗ್ಯಾರೇಜಿನ ಬಿಸಿಲುಗೋಡೆಗೆ ಒರಗಿಸಿದ ಟೈರುಗಳು. ಗಾಳಿಗೆ ಶೀಟು ಹಾರದಿರಲೆಂದು ಮನೆ ಮೇಲೆ ಹೇರಿದ ಹಳೇ ಟೈರುಗಳು. ಇವನ್ನೆಲ್ಲ ಯಾರೂ ತಲೆಯೆತ್ತಿ ನೋಡುವುದಿಲ್ಲ. ಓಡದ ಟೈರಿಗೆ ಏನಾಗುತ್ತದೆ, ಸವೆದಿಲ್ಲವಲ್ಲ ಎಂಬುದು ಎಲ್ಲರ ಲೆಕ್ಕ.

ಲೆಕ್ಕ ತಪ್ಪುವುದು ಅಲ್ಲೇ. ಓಡುವ ಟೈರು ಸವೆಯುತ್ತದೆ, ನಿಂತ ಟೈರು ಒಣಗುತ್ತದೆ. ಸವೆತ ಕಣ್ಣಿಗೆ ಕಾಣುತ್ತೆ, ಬೆರಳಿಟ್ಟು ನೋಡಬಹುದು. ಒಣಗಿದ್ದು ಕಾಣುವುದಿಲ್ಲ. ಅದು ಗೊತ್ತಾಗುವುದು ಸೀಸನ್ ಶುರುವಾಗಿ, ಗಾಡಿಗೆ ಲೋಡು ಬಿದ್ದು, ಮೊದಲನೇ ಟ್ರಿಪ್ಪಿನಲ್ಲಿ ‘ಢಂ’ ಎಂದಾಗ. ಆಗ ಗಾಡಿಯಲ್ಲಿ ಮೂಟೆ ಇದ್ದರೆ ಹೋಗುವುದು ದುಡ್ಡು. ಜನ ಇದ್ದರೆ?

ಈ ಕಡೆಯ ‘ಸೀಸನ್’

ಸ್ವೀಡನ್ ದೇಶದಲ್ಲಿ ಚಳಿಗಾಲಕ್ಕೇ ಬೇರೆ ಟೈರು. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಕಾರಿಗೆ ಚಳಿಗಾಲದ ಟೈರು ಇರಲೇಬೇಕೆಂದು ಅಲ್ಲಿ ಕಾನೂನೇ ಇದೆ. ಬೇಸಿಗೆ ಬಂದರೆ ಅವನ್ನು ಬಿಚ್ಚಿಡಬೇಕು. ಮನೆಯಲ್ಲಿ ಜಾಗ ಇಲ್ಲದವರು ಟೈರು ಅಂಗಡಿಗೆ ಬಾಡಿಗೆ ಕೊಟ್ಟು ಇಡಿಸುತ್ತಾರೆ. ಆ ವ್ಯವಸ್ಥೆಗೆ ಅಲ್ಲಿಯವರು ಇಟ್ಟ ಹೆಸರು ‘ಟೈರು ಹೋಟೆಲು’. ಮನುಷ್ಯರಿಗೆ ಲಾಡ್ಜು, ಟೈರಿಗೂ ಲಾಡ್ಜು!

ಪಾವಗಡದಲ್ಲಿ ಹಿಮ ಎಲ್ಲಿಂದ ಬರಬೇಕು ಎಂದು ನಗಬೇಡಿ. ಹಿಮ ಇಲ್ಲದಿದ್ದರೂ ಇಲ್ಲಿ ಸೀಸನ್ ಇದೆ. ಕಡಲೆಕಾಯಿ ಬಿತ್ತನೆ ಮುಂಗಾರಿನಲ್ಲಿ, ಕೀಳುವುದು ಮಳೆಗಾಲದ ಕೊನೆಗೆ. ಸುಗ್ಗಿ ಮುಗಿದು ಕಾಳು ಮಂಡಿ ಸೇರಿದ ಮೇಲೆ ಬಹಳ ಟ್ರೈಲರುಗಳಿಗೆ ಮುಂದಿನ ಮಳೆವರೆಗೂ ಕೆಲಸ ಕಡಿಮೆ. ಅಂದರೆ ವರ್ಷದ ಅತಿ ಉರಿಬಿಸಿಲಿನ ತಿಂಗಳುಗಳಲ್ಲೇ ಅವು ಬಯಲಲ್ಲಿ ನಿಲ್ಲುತ್ತವೆ.

ಕೊರಟಗೆರೆ, ಮಧುಗಿರಿ ಕಡೆ ಸುವರ್ಣಮುಖಿ, ಜಯಮಂಗಲಿ ಬಯಲಿನಲ್ಲಿ ಕೆರೆ ತುಂಬಿದ ವರ್ಷ ಭತ್ತದ ಗದ್ದೆ ಕೆಸರು ಮಾಡಬೇಕು. ಆಗ ಟ್ರ್ಯಾಕ್ಟರಿಗೆ ಕೇಜ್‌ವೀಲ್ ಎಂಬ ಕಬ್ಬಿಣದ ಚಕ್ರ ಹಾಕುವವರುಂಟು. ಹಿಂದಿನ ಎರಡು ದೊಡ್ಡ ಟೈರು ಬಿಚ್ಚಿ ಬದುವಿನ ಮೇಲೆ, ಪಂಪ್‌ಸೆಟ್ ಮನೆಯ ಪಕ್ಕ ಇಡುತ್ತಾರೆ. ಸ್ವೀಡನ್ನಿನವನು ಮಾಡುವುದೂ ಇದನ್ನೇ, ಸೀಸನ್ನಿಗೊಂದು ಚಕ್ರ. ಅವನು ಲಾಡ್ಜಿನಲ್ಲಿ ಇಡುತ್ತಾನೆ, ಇಲ್ಲಿ ಬದುವೇ ಲಾಡ್ಜು.

ಬಾಡಿಗೆ ಕಾರು, ಟೆಂಪೋಗಳಿಗೆ ಬೇರೆಯದೇ ಪಂಚಾಂಗ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಗಾಡಿ ನಿಲ್ಲುತ್ತೆ. ಶ್ರಾವಣ ಬಂತೆಂದರೆ ಪಾವಗಡದ ಶನಿಮಹಾತ್ಮ ಸ್ವಾಮಿ ಸನ್ನಿಧಿಗೆ ಶನಿವಾರದ ಜನಜಾತ್ರೆ, ಗೊರವನಹಳ್ಳಿ ಮಹಾಲಕ್ಷ್ಮಿಗೆ ಶುಕ್ರವಾರದ ಭಕ್ತರು. ನಿಂತಿದ್ದ ಗಾಡಿಗೆ ಒಂದೇ ಸಲ ಹಿಡಿಸದಷ್ಟು ಜನ. ಶಾಲೆಯ ವ್ಯಾನುಗಳಿಗೆ ಏಪ್ರಿಲ್, ಮೇ ರಜ. ಜೂನಿನಲ್ಲಿ ಮೊದಲ ದಿನವೇ ಮಕ್ಕಳ ಲೋಡು.

ಇನ್ನು ಬರಗಾಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಸಾರಿತು. ಮಳೆ ಕೈಕೊಟ್ಟ ವರ್ಷ ಟ್ರ್ಯಾಕ್ಟರು ಹೊಲಕ್ಕೆ ಇಳಿಯುವುದಿಲ್ಲ. ರೈತ ಸಾಲದ ಕಂತು ಎಣಿಸುತ್ತಿರುತ್ತಾನೆ, ಟೈರು ತನ್ನ ಪಾಡಿಗೆ ಒಣಗುತ್ತಿರುತ್ತದೆ. ಅದಕ್ಕೂ ಮೊದಲು 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದಾಗ ದೇಶಕ್ಕೆ ದೇಶವೇ ನಿಂತಿತ್ತು. ಈ ರಾಜ್ಯದ ಸರ್ಕಾರಿ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ.

ರಬ್ಬರು ಯಾಕೆ ಸಾಯುತ್ತೆ?

ರಬ್ಬರಿಗೆ ನಾಲ್ವರು ಶತ್ರುಗಳು: ಬಿಸಿಲು, ಬಿಸಿ, ಎಣ್ಣೆ ಮತ್ತು ಓಜೋನ್.

ಬಿಸಿಲಿನ ಮಾತು ಪಾವಗಡದವರಿಗೆ ಹೇಳಿಕೊಡಬೇಕಿಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ ಸುತ್ತ ಸುಮಾರು 13,000 ಎಕರೆಯಲ್ಲಿ 2018ರಿಂದ ಸೋಲಾರ್ ಪಾರ್ಕು ನಡೆಯುತ್ತಿದೆ. 2,050 ಮೆಗಾವ್ಯಾಟ್ ಶಕ್ತಿಯದು. ಅಷ್ಟು ಕರೆಂಟು ಕೊಡುವ ಬಿಸಿಲು ಪಕ್ಕದ ಊರಲ್ಲಿ ನಿಂತ ಟೈರನ್ನು ಸುಮ್ಮನೆ ಬಿಡುತ್ತದೆಯೇ? ಟೈರಿಗೆ ಕಪ್ಪು ಬಣ್ಣ ಬಂದದ್ದು ಅದಕ್ಕೆ ಬೆರೆಸುವ ಕಾರ್ಬನ್ ಮಸಿಯಿಂದ. ಅದು ರಬ್ಬರಿಗೆ ಗಟ್ಟಿತನ ಕೊಡುತ್ತದೆ, ಬಿಸಿಲಿನ ಕಣ್ಣಿಗೆ ಕಾಣದ ಕಿರಣವನ್ನೂ ತಡೆಯುತ್ತದೆ. ಆದರೆ ವರ್ಷಗಟ್ಟಲೆ ಅದೊಂದೇ ತಡೆಯಲಾರದು.

ಬಿಸಿ ಬೇರೆ, ಬಿಸಿಲು ಬೇರೆ. ನೆರಳಿನಲ್ಲಿದ್ದರೂ ತಗಡಿನ ಶೆಡ್ಡಿನಲ್ಲಿ ಬಿಸಿ ಇರುತ್ತದೆ. ಬಿಸಿ 10 ಡಿಗ್ರಿ ಏರಿದರೆ ರಬ್ಬರು ಹಳಸುವ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ತಗಡಿನ ಸೂರಿಗೆ ತಾಗುವಂತೆ ಅಟ್ಟದ ಮೇಲೆ ಇಟ್ಟ ಟೈರಿಗೂ, ಕಲ್ಲುಗೋಡೆಯ ತಣ್ಣನೆ ಕೋಣೆಯ ನೆಲದ ಟೈರಿಗೂ ಇರುವ ವ್ಯತ್ಯಾಸ ಇದೇ.

ನಾಲ್ಕನೆಯ ಶತ್ರು ಓಜೋನ್. ಇದು ಆಮ್ಲಜನಕದ್ದೇ ಇನ್ನೊಂದು ರೂಪ. ಗಾಳಿಯಲ್ಲಿ ಎಲ್ಲೋ ಎಳ್ಳಷ್ಟು ಇರುತ್ತದೆ. ವೆಲ್ಡಿಂಗ್ ಕಿಡಿ, ಕರೆಂಟು ಮೋಟಾರಿನ ಬ್ರಶ್ಶಿನ ಕಿಡಿ ಇರುವ ಕಡೆ ಹೆಚ್ಚಾಗುತ್ತದೆ. ರಬ್ಬರು ಬಿಗಿದು ಎಳೆದಿರುವ ಜಾಗದಲ್ಲಿ ಇದು ಹೊಕ್ಕು ಸಣ್ಣ ಸಣ್ಣ ಸೀಳು ಮಾಡುತ್ತದೆ. ಟೈರಿನ ಪಕ್ಕದಲ್ಲಿ ಬಿಸಿಲಿಗೆ ಒಡೆದ ಕೆರೆ ಅಂಗಳದಂತೆ ಬಿರುಕು ಕಂಡಿದ್ದರೆ ಅದರಲ್ಲಿ ಇವನದೂ ಕೈವಾಡ ಇರುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಇದೆ. ಟೈರು ಮಾಡುವಾಗ ರಬ್ಬರಿನೊಳಗೆ ಒಂದು ಬಗೆಯ ಮೇಣ ಮತ್ತು ರಕ್ಷಣೆಯ ರಾಸಾಯನಿಕ ಸೇರಿಸಿರುತ್ತಾರೆ. ಗಾಡಿ ಓಡಿ ಟೈರು ಬಾಗಿ ಬಳುಕಿದಾಗ ಅದು ನಿಧಾನಕ್ಕೆ ಮೇಲೆ ಬಂದು ಮೈಗೆ ಪೊರೆಯಂತೆ ಹರಡುತ್ತದೆ. ಓಡದಿದ್ದರೆ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ಆದ್ದರಿಂದಲೇ ದಿನಾ ಓಡುವ ಬಸ್ಸಿನ ಟೈರಿನ ಮೈಗಿಂತ ನಿಂತ ಟ್ರೈಲರಿನ ಟೈರಿನ ಮೈ ಬೇಗ ಬಿರಿಯುತ್ತದೆ.

ಕೀಲೆಣ್ಣೆ ಕಾಲದ ಅಭ್ಯಾಸ

ಹಿಂದೆ ಎತ್ತಿನ ಗಾಡಿಗೆ ಮರದ ಚಕ್ರ, ಸುತ್ತ ಕಬ್ಬಿಣದ ಪಟ್ಟಿ. ಬೇಸಿಗೆಯಲ್ಲಿ ಮರ ಒಣಗಿ ಪಟ್ಟಿ ಸಡಿಲವಾದರೆ ಚಕ್ರವನ್ನು ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ಮರ ಊದಿ ಬಿಗಿಯಾಗುತ್ತಿತ್ತು. ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ನೀರು, ಎಣ್ಣೆ ಎರಡೂ ಆ ಚಕ್ರಕ್ಕೆ ಆಹಾರ.

ರಬ್ಬರಿನ ಚಕ್ರಕ್ಕೆ ಇದು ಪೂರಾ ಉಲ್ಟಾ. ‘ಟೈರು ಒಣಗಿದೆ, ಒಂದು ಕೈ ಎಣ್ಣೆ ಸವರು’ ಎಂದು ಡೀಸೆಲ್ಲಿನ ಬಟ್ಟೆಯಲ್ಲಿ ಒರೆಸುವುದುಂಟು. ಒಂದು ಗಳಿಗೆ ಟೈರು ಕರ್ರಗೆ ಮಿರಮಿರ ಮಿಂಚುತ್ತದೆ. ಆದರೆ ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ, ಗ್ರೀಸು ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಗ್ಯಾರೇಜಿನ ಎಣ್ಣೆ ಸೋರಿದ ನೆಲದ ಮೇಲೆ ಟೈರು ಮಲಗಿಸುವುದೂ ಅಷ್ಟೇ ತಪ್ಪು. ಟೈರು ತೊಳೆಯಲು ನೀರು, ಸೋಪು ಸಾಕು.

ಹಾಗಾದರೆ ಇಡುವುದು ಹೇಗೆ?

ಇದಕ್ಕೆ ದೊಡ್ಡ ಗೋಡೌನು ಬೇಡ, ಖರ್ಚೂ ಇಲ್ಲ. ಅಂಗಡಿಯವರು, ಗಾಡಿಯವರು, ರೈತರು ಯಾರು ಬೇಕಾದರೂ ಮಾಡಬಹುದು.

ಬಿಚ್ಚುವಾಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ: ಮುಂದೆ ಎಡ, ಮುಂದೆ ಬಲ, ಹಿಂದೆ ಎಡ, ಹಿಂದೆ ಬಲ. ಮತ್ತೆ ಹಾಕುವಾಗ ತಲೆಕೆಡಿಸಿಕೊಳ್ಳಬೇಕಿಲ್ಲ. ಗ್ರಿಪ್ಪಿನಲ್ಲಿ ಸಿಕ್ಕಿದ ಕಲ್ಲು, ಮೊಳೆ ಕಿತ್ತು, ಮಣ್ಣು ಸಗಣಿ ತೊಳೆದು, ಒಳಗೂ ಹೊರಗೂ ಪೂರಾ ಒಣಗಿಸಬೇಕು. ಒದ್ದೆ ಇಟ್ಟರೆ ಒಳಗಿನ ದಾರ, ತಂತಿಗೆ ಕೇಡು.

ಜಾಗ ಕತ್ತಲಾಗಿರಬೇಕು, ತಣ್ಣಗಿರಬೇಕು, ಒಣಗಿರಬೇಕು. ಪಂಪ್‌ಸೆಟ್ ಮೋಟಾರು, ವೆಲ್ಡಿಂಗ್ ಮಿಷನ್, ಬ್ಯಾಟರಿ ಚಾರ್ಜು ಮಾಡುವ ಜಾಗ ದೂರ ಇರಲಿ. ನೆಲಕ್ಕೆ ಹಲಗೆ ಹಾಕಿ ಅದರ ಮೇಲೆ ಇಡಿ. ಕಾರಿನ ಟೈರಾದರೆ ದಪ್ಪನೆಯ ಕರೀ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಳಗಿನ ಗಾಳಿ ಒತ್ತಿ ತೆಗೆದು, ಬಾಯಿ ಕಟ್ಟಿದರೆ ಇನ್ನೂ ಒಳ್ಳೆಯದು.

ನಿಲ್ಲಿಸುವುದೋ, ಮಲಗಿಸುವುದೋ? ಇಲ್ಲೇ ಬಹಳ ಜನ ಎಡವುವುದು. ರಿಮ್ಮು ಇಲ್ಲದ ಬರೀ ಟೈರನ್ನು ನಿಲ್ಲಿಸಬೇಕು. ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ ನೆಲಕ್ಕೆ ತಾಗುವ ಭಾಗ ಬದಲಿಸಬೇಕು. ಮೊಳೆಗೆ ನೇತು ಹಾಕಬಾರದು, ಜೋತುಬಿದ್ದು ಆಕಾರ ಕೆಡುತ್ತದೆ. ಒಂದರ ಮೇಲೊಂದು ಗೋಪುರ ಪೇರಿಸಿದರೆ ಕೆಳಗಿನದು ಅಪ್ಪಚ್ಚಿ. ರಿಮ್ಮಿನ ಸಮೇತ ಇದ್ದರೆ ಇದಕ್ಕೆ ವಿರುದ್ಧ: ಗಾಳಿ ತುಂಬಿ ಮಲಗಿಸಬಹುದು, ಒಂದರ ಮೇಲೊಂದು ನಾಲ್ಕು ಪೇರಿಸಬಹುದು, ರಿಮ್ಮಿಗೆ ಕೊಕ್ಕೆ ಹಾಕಿ ನೇತು ಹಾಕಲೂಬಹುದು. ಬಹಳ ದಿನ ನಿಲ್ಲಿಸಿ ಇಡಬಾರದು, ಅಷ್ಟೇ.

ಟ್ಯೂಬುಗಳಿಗೆ ಫ್ರೆಂಚ್ ಚಾಕ್ ಪುಡಿ ಹಚ್ಚಿ, ಚೂರು ಗಾಳಿ ತುಂಬಿ ಟೈರಿನೊಳಗೇ ಇಡುವುದು ಸರಿ. ಮಡಿಚಿ ಹಗ್ಗ ಬಿಗಿದು ಮೊಳೆಗೆ ಸಿಕ್ಕಿಸಿದ ಟ್ಯೂಬು ಆ ಮಡಿಕೆಯಲ್ಲೇ ಬಿರಿಯುತ್ತದೆ. ಇಲಿ ಕಾಟ ಇರುವ ಮನೆಯಲ್ಲಿ ಕಾಳಿನ ಮೂಟೆ ಪಕ್ಕ ಟೈರು ಇಡಬೇಡಿ, ಕಾಳಿಗೆ ಬಂದದ್ದು ಟೈರನ್ನೂ ಕಚ್ಚಿ ನೋಡುತ್ತದೆ.

ಟ್ರೈಲರು, ಟ್ರ್ಯಾಕ್ಟರು ನಿಂತೇ ಇರಬೇಕಾದರೆ ಜಾಕಿ ಎತ್ತಿ ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಭಾರ ಟೈರಿನ ಮೇಲೆ ಬೀಳಬಾರದು. ಅದಾಗದಿದ್ದರೆ ಪೂರ್ತಿ ಗಾಳಿ ತುಂಬಿಸಿ ತಿಂಗಳಿಗೊಮ್ಮೆಯಾದರೂ ಹಿಂದೆ ಮುಂದೆ ಓಡಿಸಿ. ಲೋಡು ಹೇರಿದ ಟ್ರೈಲರನ್ನು ವಾರಗಟ್ಟಲೆ ನಿಲ್ಲಿಸಿದರೆ ನೆಲ ಮುಟ್ಟಿದ ಕಡೆ ಟೈರು ಚಪ್ಪಟೆ ಹಿಡಿಯುತ್ತದೆ. ಬಿಸಿಲು ಬೀಳುವ ಕಡೆ ಹಳೇ ಗೋಣಿಚೀಲ, ತೆಂಗಿನ ಗರಿ ಒಡ್ಡಿದರೂ ಅಷ್ಟರಮಟ್ಟಿಗೆ ಲಾಭವೇ.

ಮತ್ತೆ ರಸ್ತೆಗೆ ಇಳಿಸುವ ದಿನ ಗಾಳಿ ಹಿಡಿಸದೆ ಹೊರಡಬಾರದು. ಎಂಥ ಟೈರಿನಿಂದಲೂ ಗಾಳಿ ಸ್ವಲ್ಪ ಸ್ವಲ್ಪವೇ ಹೋಗುತ್ತಿರುತ್ತದೆ. ಗಾಳಿ ಕಮ್ಮಿ ಇರುವ ಟೈರು ಲೋಡಿಗೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಹಳೇ ಬಿರುಕು ಬಾಯಿ ಬಿಡುತ್ತದೆ. ಬಿಸಿ ರಸ್ತೆಯೂ ಸೇರಿದರೆ ಕೇಳುವುದೇ ಬೇಡ.

ನಾಲ್ಕು ಅಂಕಿಯ ಜಾತಕ

ಟೈರಿನ ಹುಟ್ಟಿದ ದಿನ ಅದರ ಮೈಮೇಲೇ ಬರೆದಿರುತ್ತದೆ. ಪಕ್ಕದಲ್ಲಿ ಅಚ್ಚಾದ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಹುಡುಕಿ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಎರಡೂ ಬದಿಗೆ ಇಲ್ಲದೆ ಒಂದೇ ಬದಿಗೆ ಇರುವುದೂ ಉಂಟು. ಕೊಳ್ಳುವಾಗ ಟೈರು ತಿರುಗಿಸಿ ನೋಡಿ.

ಟೈರು ಕಂಪನಿಗಳು ಸಾಮಾನ್ಯವಾಗಿ ಹೇಳುವ ಮಾತು ಇದು: 5 ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಿ. 10 ವರ್ಷ ಆಯಿತೆಂದರೆ ಗ್ರಿಪ್ ಇದ್ದರೂ ಬದಲಿಸಿ, ಸ್ಟೆಪ್ನಿಯನ್ನೂ ಬಿಡಬೇಡಿ.

ಸ್ಟೆಪ್ನಿಯ ಕಥೆ ವಿಶೇಷ. ಅದು ಓಡುವುದೇ ಇಲ್ಲ, ಆದ್ದರಿಂದ ಅದು ಯಾವಾಗಲೂ ‘ಹೊಸದು’ ಎಂದು ಮಾಲೀಕರ ನಂಬಿಕೆ. ‘ಗ್ರಿಪ್ ಹಾಗೇ ಇದೆಯಲ್ಲಾ ಸ್ವಾಮಿ, ಇನ್ನೇನು ಬೇಕು?’ ಎನ್ನುತ್ತಾರೆ. ಶಿರಾ ಹಾದು ಹೋಗುವ 48ನೇ ನಂಬರಿನ ಹೆದ್ದಾರಿಯಲ್ಲಿ, ಕತ್ತಲಲ್ಲಿ ಪಂಕ್ಚರ್ ಆದಾಗ, ಲಾರಿ ಕೆಳಗೆ ವರ್ಷಾನುಗಟ್ಟಲೆ ಧೂಳು, ಬಿಸಿ, ಮಳೆ ಕುಡಿದ ಆ ‘ಹೊಸ’ ಟೈರನ್ನೇ ನಂಬಿ ಮುಂದೆ ಹೋಗಬೇಕು. ಹಿಂದಿನ ಚಕ್ರ ಸಿಡಿದರೆ ಗಾಡಿ ಓಲಾಡುತ್ತದೆ. ಮುಂದಿನದು ಸಿಡಿದರೆ ಸ್ಟೇರಿಂಗ್ ಆ ಕಡೆಗೇ ಎಳೆಯುತ್ತದೆ. ಎದುರಿಗೆ ಬರುವವನ ಗತಿ?

ಅಂಗಡಿಯವರಿಗೂ ಈ ಅಂಕಿ ಬೇಕು. ಮೊದಲು ಬಂದ ಸ್ಟಾಕು ಹಿಂದೆ ಬಿದ್ದು, ಹೊಸದೇ ಮುಂದೆ ಮಾರಿಹೋಗುವುದು ಎಲ್ಲ ವ್ಯಾಪಾರದಲ್ಲೂ ಇದ್ದದ್ದೆ. ಬೇಳೆಯಾದರೆ ಹುಳು ಬಿದ್ದು ತಿಳಿಯುತ್ತದೆ, ಟೈರಿಗೆ ಹುಳು ಬೀಳುವುದಿಲ್ಲ. ಹಳೆಯದು ಮೊದಲು ಮಾರಿಹೋಗುವಂತೆ ಜೋಡಿಸಿ. ಗಿರಾಕಿ ಸೆಳೆಯಲು ಅಂಗಡಿ ಮುಂದೆ ಬಿಸಿಲಿಗೆ ಜೋಡಿಸಿದ ಟೈರನ್ನು ತಿಂಗಳುಗಟ್ಟಲೆ ಅಲ್ಲೇ ಬಿಡಬೇಡಿ, ಸಂಜೆ ಒಳಗಿಟ್ಟರೂ ಹಗಲಿನ ಬಿಸಿಲು ತಿಂದದ್ದು ವಾಪಸ್ಸು ಬರುವುದಿಲ್ಲ.

ರೀಸೋಲಿಂಗಿಗೆ ಕಳಿಸುವವರಿಗೆ ಇದು ನೇರ ದುಡ್ಡಿನ ಪ್ರಶ್ನೆ. ರೀಸೋಲ್ ಎಂದರೆ ಹಳೇ ಟೈರಿನ ಮೈ ಉಳಿಸಿಕೊಂಡು ಮೇಲೆ ಹೊಸ ರಬ್ಬರು ಕೂರಿಸುವುದು. ಮೈ ಗಟ್ಟಿ ಇದ್ದರೆ ಮಾತ್ರ ಅದು ಆಗುವ ಕೆಲಸ. ಅಂಗಳದಲ್ಲಿ ಮಳೆ ಬಿಸಿಲಿಗೆ ಬಿಟ್ಟು ಬಿರಿದ ಟೈರನ್ನು ತಿಳಿದವರು ಮುಟ್ಟುವುದಿಲ್ಲ. ಹೊಸ ಟೈರಿಗಿಂತ ಕಮ್ಮಿಯಲ್ಲಿ ಮುಗಿಯಬೇಕಾದ್ದು ಗುಜರಿಗೆ ಹೋಗುತ್ತದೆ.

ಮನೆ ಮೇಲಿನ ಸೊಳ್ಳೆ ಕಾರ್ಖಾನೆ

ಇಷ್ಟು ಗಾಡಿಯವರ ಮಾತಾಯಿತು. ಗಾಡಿ ಇಲ್ಲದವರಿಗೂ ಟೈರಿನಿಂದ ಕೇಡು ಇದೆ. ಬಿಡಿ ಟೈರನ್ನು ಹೇಗೇ ಇಡಿ, ನಿಲ್ಲಿಸಿ ಇಲ್ಲವೇ ಮಲಗಿಸಿ, ಮಳೆ ನೀರು ಒಳಗೆ ನಿಂತೇ ನಿಲ್ಲುತ್ತದೆ. ಕತ್ತಲು, ಬೆಚ್ಚಗೆ, ಗಾಳಿ ಅಲುಗಾಟ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇದಕ್ಕಿಂತ ಬಾಣಂತಿ ಕೋಣೆ ಬೇಕೆ? ಮೊಟ್ಟೆ ಮರಿಯಾಗಿ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತು, ಅಂಗಡಿಯಲ್ಲಿ ಕೂತವರನ್ನು, ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನು.

ನೀರು ಚೆಲ್ಲಿದರೆ ಮುಗಿಯಿತೇ? ಇಲ್ಲ. ಇದರ ಮೊಟ್ಟೆ ನೀರಿನ ಅಂಚಿನ ಮೇಲೆ ಟೈರಿನ ಗೋಡೆಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ಮುಂದಿನ ಮಳೆಗೆ ನೀರು ಮುಟ್ಟಿದೊಡನೆ ಮರಿಯಾಗುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ 1985ರಲ್ಲಿ ಏಷ್ಯಾದ ಹುಲಿಸೊಳ್ಳೆ ಕಾಣಿಸಿಕೊಂಡಿತು. ಅದು ಸಮುದ್ರ ದಾಟಿದ್ದು ಹಡಗಿನಲ್ಲಿ ತರಿಸಿದ ಹಳೇ ಟೈರಿನೊಳಗೆ. ಸಮುದ್ರ ದಾಟುವ ಮೊಟ್ಟೆಗೆ ಪಕ್ಕದ ಬೀದಿ ಯಾವ ದೂರ?

ರಾಜ್ಯ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಡುವ ಜಾಗದ ಮಾಲೀಕರಿಗೆ ದಂಡ ಗೊತ್ತು ಮಾಡಿತು. ಮನೆಗಳಿಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಅಂಗಡಿ ಮುಂಗಟ್ಟುಗಳಿಗೆ ಪಟ್ಟಣದಲ್ಲಿ 1,000, ಹಳ್ಳಿಯಲ್ಲಿ 500. ದಂಡ ಕಟ್ಟಿದರೂ ತೀರುತ್ತೆ. ಮನೆಯಲ್ಲಿ ಒಂದು ಮಗುವಿಗೆ ಡೆಂಗಿ ಬಂದು ತುಮಕೂರಿಗೆ ಹೊತ್ತುಕೊಂಡು ಓಡಿದರೆ ಅದು ಎಷ್ಟಕ್ಕೆ ತೀರುತ್ತೆ?

ಶೀಟಿಗೆ ಭಾರ ಬೇಕೇ ಬೇಕು ಎನ್ನುವವರು ಟೈರಿಗೆ ಕೆಳಗಡೆ ನಾಲ್ಕಾರು ಕಡೆ ತೂತು ಕೊರೆಯಲಿ, ಅಥವಾ ಟೈರಿನ ಬದಲು ಮರಳು ಮೂಟೆ ಇಡಲಿ. ಪಂಕ್ಚರ್ ಅಂಗಡಿಯವರು ಹೊರಗೆ ಪೇರಿಸಿದ್ದಕ್ಕೆ ಮೇಲೊಂದು ತಗಡು ಹೊದಿಸಲಿ. ವಾರಕ್ಕೊಮ್ಮೆ ನೀರು ಚೆಲ್ಲಿ, ಬ್ರಶ್ಶಿನಲ್ಲಿ ಒಳಗೋಡೆ ಉಜ್ಜಿಬಿಡಲಿ. ಕೆಲಸಕ್ಕೆ ಬಾರದ ಟೈರನ್ನು ಗುಜರಿಯವರಿಗೆ ಕೊಟ್ಟುಬಿಡಬೇಕು. ಚಳಿ ಕಾಯಿಸಲು ಸುಡುವುದಂತೂ ಬೇಡವೇ ಬೇಡ, ಆ ಕರೀ ಹೊಗೆ ಶ್ವಾಸಕೋಶಕ್ಕೆ ವಿಷ.

ಬಸ್ಸು ಹತ್ತುವವರು ಏನು ನೋಡಬೇಕು?

ಟೈರು ಇಡುವವರು ಒಬ್ಬರು, ಅದರ ಮೇಲೆ ಕೂತು ಹೋಗುವವರು ಇನ್ನೊಬ್ಬರು. ದುಡ್ಡು ಅವರದು, ಪ್ರಾಣ ಇವರದು. ಆದ್ದರಿಂದ ಟಿಕೆಟ್ಟು ಕೊಂಡವರಿಗೂ ನೋಡುವ ಹಕ್ಕಿದೆ.

ಮದುವೆಗೋ, ದಂಡಿನ ಮಾರಮ್ಮನ ಜಾತ್ರೆಗೋ ಟೆಂಪೋ ಗೊತ್ತು ಮಾಡುವವರು ಬಾಡಿಗೆ ಚೌಕಾಸಿ ಮಾಡುವಾಗ ಎರಡು ನಿಮಿಷ ಚಕ್ರದ ಪಕ್ಕ ಬಗ್ಗಿ ನೋಡಿ. ಪಕ್ಕದ ಗೋಡೆಯಲ್ಲಿ ಉಗುರು ಸಿಕ್ಕುವಷ್ಟು ಬಿರುಕು ಇದೆಯೇ? ಎಲ್ಲಾದರೂ ನಿಂಬೆಹಣ್ಣಿನಂತೆ ಊದಿದೆಯೇ? ಗ್ರಿಪ್ಪಿನ ಕಾಲುವೆಯೊಳಗೆ ಸವೆತದ ಗುರುತಿನ ಸಣ್ಣ ದಿಂಡು ಇರುತ್ತದೆ, ಗ್ರಿಪ್ 1.6 ಮಿಲಿಮೀಟರಿಗೆ ಇಳಿದರೆ ಅದು ಸಮಕ್ಕೆ ಬರುತ್ತದೆ. ಬಂದಿದೆಯೇ? ನಾಲ್ಕು ಅಂಕಿ ಏನು ಹೇಳುತ್ತದೆ? ಗಾಡಿ ಎಷ್ಟು ದಿನದಿಂದ ನಿಂತಿತ್ತು ಎಂದೂ ಬಾಯಿಬಿಟ್ಟು ಕೇಳಿ. ‘ನಿನ್ನೆವರೆಗೂ ಶೆಡ್ಡಲ್ಲೇ ಇತ್ತಣ್ಣಾ, ಟೈರು ಹೊಸದಿದ್ದಂಗಿದೆ’ ಎಂಬ ಉತ್ತರ ಬಂದರೆ ಇನ್ನೊಂದು ಸಲ ಬಗ್ಗಿ ನೋಡಿ.

ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಜನ ತುಂಬುವುದು ಮೊದಲೇ ಕಾನೂನಿಗೆ ವಿರುದ್ಧ. ಆದರೂ ಜಾತ್ರೆ, ದಿಬ್ಬಣ ಎಂದರೆ ಹೆಂಗಸರು ಮಕ್ಕಳನ್ನು ಅದರಲ್ಲೇ ಕೂರಿಸುವುದು ನಿಂತಿಲ್ಲ. ಸುಗ್ಗಿಯಿಂದ ಈಚೆಗೆ ಅಲ್ಲಾಡದ ಟ್ರೈಲರು, ಗಾಳಿ ಹಿಡಿಸದ ಟೈರು, ಮೇಲೆ ನಲವತ್ತು ಜನ. ಇದಕ್ಕಿಂತ ಕೆಟ್ಟ ಜೂಜು ಇಲ್ಲ. ಕಡಲೆಕಾಯಿ ಮೂಟೆ ಬಿದ್ದರೆ ಆರಿಸಿ ಮತ್ತೆ ತುಂಬಬಹುದು.

ಶಾಲೆಯ ವ್ಯಾನಿನ ವಿಷಯದಲ್ಲಿ ತಂದೆತಾಯಿಗಳು ದಾಕ್ಷಿಣ್ಯ ಬಿಡಬೇಕು. ಫೀಸು ಎಷ್ಟು ಎಂದು ಕೇಳುವ ಬಾಯಲ್ಲೇ, ಎರಡು ತಿಂಗಳ ರಜದಲ್ಲಿ ವ್ಯಾನು ಎಲ್ಲಿ ನಿಂತಿತ್ತು, ಬಿಸಿಲಲ್ಲೋ ನೆರಳಲ್ಲೋ, ಟೈರಿನ ಇಸವಿ ಯಾವುದು ಎಂದೂ ಕೇಳಿ. ಜೂನಿನ ಮೊದಲ ವಾರಕ್ಕೆ ಮೊದಲೇ ಕೇಳಿದರೆ ಬದಲಿಸಲು ಅವರಿಗೂ ಟೈಮು ಸಿಗುತ್ತದೆ.